ಸನಾದಿಯ ಮನೆಯಲ್ಲಿ ಸ್ಯಾಕ್ಸೊಫೋನು

ನರಗುಂದ ತಾಲೂಕಿನ ಚಿಕ್ಕನರಗುಂದದಲ್ಲಿ ಸಂಜೆಯ ಹೊತ್ತು ಕೇಳಿಬರುವ ಸದ್ದುಗಳು ಇಂಥವೇ ಎಂದು ಎಲ್ಲರಿಗೂ ಗೊತ್ತು. ಎರೆಹೊಲದಿಂದ ಮರಳುವ ಟ್ರ್ಯಾಕ್ಟರಿನ ಗುಡುಗು, ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯ ಕೂಗು, ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ಗುಡಿಯ ಧ್ವನಿವರ್ಧಕದಿಂದ ಹೊರಡುವ ಭಜನೆ. ಇವೆಲ್ಲವುಗಳ ನಡುವೆ ಒಂದು ಮನೆಯಿಂದ ಮಾತ್ರ ಯಾವ ಜಾತಿಗೂ ಸೇರದ ಒಂದು ಧ್ವನಿ ಹೊರಟು, ನಾಲ್ಕು ಮಾತ್ರೆ ನಡೆದು, ಥಟ್ಟನೆ ನಿಂತು, ಮತ್ತೆ ಮೊದಲಿನಿಂದ ಅದೇ ನಾಲ್ಕು ಮಾತ್ರೆ ನಡೆಯುತ್ತದೆ. ಹೀಗೆ ಇಪ್ಪತ್ತು ಸಲ, ಮೂವತ್ತು ಸಲ. ಒಂದು ದಿನ ನೆರೆಮನೆಯ ಮುದುಕಿಯೊಬ್ಬಳು ತಡೆಯಲಾರದೆ ಬಂದು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು: "ಮಾಸ್ತರ, ನಿಮ್ಮ ಎಮ್ಮಿ ಈಯಾಕ ಹತ್ತೇತೇನ್ರಿ?"

ಎಮ್ಮೆ ಈಯುತ್ತಿರಲಿಲ್ಲ. ಅಮೇರಿಕೆಯ ಚಾರ್ಲಿ ಪಾರ್ಕರನು ಅರ್ಧ ವೇಗದಲ್ಲಿ ಸ್ಯಾಕ್ಸೊಫೋನು ನುಡಿಸುತ್ತಿದ್ದನು.

ಮಾಸ್ತರರು ಸಮೀಪದ ಪೇಟೆಯ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸುವವರು. ಬೀಜಗಣಿತದಲ್ಲಿ ಮಕ್ಕಳಿಗೆ ಅವರ ಹೆದರಿಕೆಯುಂಟು, ಊರಿನಲ್ಲಿ ಗೌರವವುಂಟು. ಅಂಥವರು ಶಾಲೆಯಿಂದ ಬಂದೊಡನೆ ಅಂಗಿ ಕಳಚಿ, ಬನಿಯನ್ನಿನಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಪರದೇಶದ ಜಾಝ್ ಕಚೇರಿಗಳ ಮುದ್ರಣಗಳನ್ನು ಕೇಳಿ ಕೇಳಿ, ಸ್ಯಾಕ್ಸೊಫೋನಿನ ನುಡಿಗಳನ್ನು ಸರಿಗಮದಲ್ಲಿ ಬರೆದಿಡುತ್ತಾರೆಂದರೆ ನಂಬುವುದು ಕಷ್ಟ. ಎರಡು ಗೆರೆಯ ನೋಟುಬುಕ್ಕುಗಳು ಇದುವರೆಗೆ ಹದಿನೇಳು ತುಂಬಿವೆ. ಅವುಗಳಿಂದ ಯಾರಿಗೆ ಏನು ಪ್ರಯೋಜನವೆಂದು ಅವರ ಹೆಂಡತಿ ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಈ ಹುಚ್ಚು ಹತ್ತಿದ್ದು ನೇರವಾಗಿ ಅಮೇರಿಕೆಯಿಂದಲ್ಲ, ಮಂಗಳೂರಿನ ದಾರಿಯಿಂದ. ಧಾರವಾಡದಲ್ಲಿ ಓದುತ್ತಿದ್ದಾಗ ಗೆಳೆಯನೊಬ್ಬನ ಕೋಣೆಯಲ್ಲಿ ಕದ್ರಿ ಗೋಪಾಲನಾಥರ ಕ್ಯಾಸೆಟ್ಟೊಂದನ್ನು ಅವರು ಕೇಳಿದರು. ಮೊದಲು ನಾಗಸ್ವರವೆಂದುಕೊಂಡರು, ಸ್ಯಾಕ್ಸೊಫೋನೆಂದು ತಿಳಿದಾಗ ಬೆರಗಾದರು. ೧೯೪೯ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು. ಮಗನು ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ಹಿತ್ತಾಳೆಯ ವಾದ್ಯವನ್ನು ಕಂಡು ಮರುಳಾದನಂತೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂಡುವುದಿಲ್ಲ, ನಡುವೆ ಕೀಲಿಗಳಿವೆ. ಸ್ವರದಿಂದ ಸ್ವರಕ್ಕೆ ಜಾರುವುದು ಅದರ ಸ್ವಭಾವವಲ್ಲ, ಹಾರುವುದು ಸ್ವಭಾವ. ಅದರಲ್ಲಿ ಗಮಕವನ್ನು ನುಡಿಸುವುದೆಂದರೆ ಮೆಟ್ಟಿಲಿನ ಮೇಲೆ ತೇರನ್ನು ಎಳೆದಂತೆ. ಗೋಪಾಲನಾಥರು ವಾದ್ಯವನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರವರಲ್ಲಿಯೂ ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಅಭ್ಯಾಸ ಮಾಡಿ ಅದನ್ನು ಸಾಧಿಸಿದರು. ೧೯೮೦ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರನ್ನು ಕೇಳಿದ ಅಮೇರಿಕೆಯ ಜಾನ್ ಹ್ಯಾಂಡಿ ಎಂಬ ಜಾಝ್ ವಾದಕನು ತಾನೂ ಜೊತೆಗೆ ನುಡಿಸಬೇಕೆಂದು ಕೇಳಿಕೊಂಡನು. ೧೯೯೪ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಅವರ ಕಚೇರಿ ನಡೆಯಿತು. ೨೦೧೯ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಮಾಸ್ತರರು ಶಾಲೆಗೆ ಅರ್ಧ ದಿನದ ರಜೆ ಹಾಕಿದರು. ಕಾರಣದ ಜಾಗದಲ್ಲಿ ಏನು ಬರೆದರೆಂಬುದು ಮುಖ್ಯೋಪಾಧ್ಯಾಯರಿಗೇ ಗೊತ್ತು.

ಗೋಪಾಲನಾಥರಿಂದ ರುದ್ರೇಶ ಮಹಾಂತಪ್ಪನವರೆಗೆ ಒಂದೇ ಹೆಜ್ಜೆ. ಭಾರತೀಯ ದಂಪತಿಗಳ ಮಗನಾಗಿ ೧೯೭೧ರಲ್ಲಿ ಇಟಲಿಯ ಟ್ರಿಯೆಸ್ಟಿನಲ್ಲಿ ಹುಟ್ಟಿ, ಅಮೇರಿಕೆಯ ಕೊಲರಾಡೊದಲ್ಲಿ ಬೆಳೆದ ಈ ಹುಡುಗನು ಜಾಝ್ ಕಲಿಯುತ್ತಿದ್ದಾಗ, ಅವನ ಅಣ್ಣನು ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ತಮಾಷೆ ೨೦೦೮ರ ಹೊತ್ತಿಗೆ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಎಂಬ ಮುದ್ರಿಕೆಯವರೆಗೆ ಬೆಳೆಯಿತು. ಒಂದೇ ಜಾತಿಯ ಎರಡು ವಾದ್ಯಗಳು. ಒಂದರಲ್ಲಿ ಗಮಕ, ಇನ್ನೊಂದರಲ್ಲಿ ಜಾಝಿನ ಕಿಡಿ. ಇದನ್ನು ಬರೆಯುವಾಗ ಯಾವ ವಾಕ್ಯ ಯಾರದೆಂದು ಬೇರ್ಪಡಿಸುವುದರಲ್ಲಿಯೇ ಮಾಸ್ತರರ ಒಂದು ಬೇಸಗೆ ರಜೆ ಕಳೆಯಿತು.

ಅಲ್ಲಿಂದ ಮುಂದೆ ಅವರು ಮೂಲಕ್ಕೆ ಹೋದರು. ಜಾಝ್ ವಿದ್ಯಾರ್ಥಿಗಳಲ್ಲಿ ಹಿಂದಿನಿಂದ ಬಂದ ಒಂದು ರೂಢಿಯುಂಟು: ಹಿರಿಯ ವಾದಕನ ಮುದ್ರಣವನ್ನು ಕಿವಿಯಿಂದಲೇ ಕೇಳಿ, ಅವನು ಆ ಗಳಿಗೆಯಲ್ಲಿ ಕಟ್ಟಿದ ಸ್ವರಗಳನ್ನು ಒಂದೂ ಬಿಡದೆ ಕಲಿಯುವುದು. ಲೆನಿ ಟ್ರಿಸ್ಟಾನೊ ಎಂಬ ಕುರುಡ ಗುರುವು ತನ್ನ ಶಿಷ್ಯರಿಂದ ಲೆಸ್ಟರ್ ಯಂಗನ ವಾದನವನ್ನು ಮೊದಲು ಬಾಯಿಂದ ಹಾಡಿಸುತ್ತಿದ್ದನು. ಗದಗ, ಧಾರವಾಡ, ಕುಂದಗೋಳಗಳ ಗಾಳಿಯನ್ನು ಉಸಿರಾಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಪಕ್ಕದ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ತಟ್ಟೆಯನ್ನು ಕೇಳಿಯೇ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟರಷ್ಟೆ? ಮಾಸ್ತರರು ಮನೆ ಬಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಕೆಲಸದ ರೀತಿ ಹೀಗೆ. ಜಾಝಿನ ವೇಗದ ನಡೆಯಲ್ಲಿ ನಿಮಿಷಕ್ಕೆ ೩೦೦ ಮಾತ್ರೆಗಳು ಬಿದ್ದರೆ, ಮಾತ್ರೆಗೆ ಎರಡು ಸ್ವರಗಳಂತೆ ಸೆಕೆಂಡಿಗೆ ೧೦ ಸ್ವರಗಳಾದವು. ಇದನ್ನು ಬರೆಯುವ ಕಿವಿ ಮನುಷ್ಯನಿಗೆ ಇಲ್ಲ. ವೇಗವನ್ನು ಅರ್ಧಕ್ಕಿಳಿಸಿದರೆ ೫ ಆಗುತ್ತದೆ; ಜೊತೆಗೆ ಕಂಪನವೂ ಅರ್ಧವಾಗಿ ಇಡಿಯ ವಾದನವು ಒಂದು ಸಪ್ತಕ ಕೆಳಗಿಳಿಯುತ್ತದೆ. ಹಿಂದಿನ ಕಾಲದ ವಿದ್ಯಾರ್ಥಿಗಳು ನಿಮಿಷಕ್ಕೆ ೩೩ ಸುತ್ತಿನ ತಟ್ಟೆಯನ್ನು ೧೬ರಲ್ಲಿ ತಿರುಗಿಸಿ ಇದೇ ಉಪಾಯ ಮಾಡುತ್ತಿದ್ದರು. ಈಗಿನ ಗಣಕಯಂತ್ರಗಳು ಸ್ವರವನ್ನು ಇಳಿಸದೆಯೇ ವೇಗವನ್ನು ಮಾತ್ರ ಇಳಿಸಬಲ್ಲವು. ಆದರೂ ಮಾಸ್ತರರಿಗೆ ಹಳೆಯ ಕ್ರಮವೇ ಇಷ್ಟ. ತಾರದಲ್ಲಿದ್ದುದು ಮಧ್ಯಕ್ಕೆ ಬಂದರೆ ತಮ್ಮ ಗಂಡುಗೊರಳಿಗೆ ಎಟುಕುತ್ತದೆ ಎಂಬ ಕಾರಣಕ್ಕೆ. ಹಾಡದೆ ಬರೆಯಬಾರದೆಂಬುದು ಅವರ ಕಟ್ಟುನಿಟ್ಟು. ನೆರೆಯ ಮುದುಕಿಗೆ ಕೇಳಿಸಿದ ಎಮ್ಮೆಗಳು ಹೀಗೆ ಒಂದಲ್ಲ, ಎರಡು.

ಬರೆಯುವುದು ಭಾತಖಂಡೆಯವರ ಪದ್ಧತಿಯಲ್ಲಿ: ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ, ಕೋಮಲಕ್ಕೆ ಅಡಿಗೆರೆ. ಷಡ್ಜ ಯಾವುದೆಂದು ಗೊತ್ತುಮಾಡಿಕೊಂಡರೆ ಮುಂದಿನದು ಸುಲಭವೆಂದು ಮೊದಲು ತೋರಿತು. ಆದರೆ ಜಾಝಿನ ಷಡ್ಜವು ಮನೆಯಲ್ಲಿ ನಿಲ್ಲುವುದಿಲ್ಲ. ಕೆಲವು ಕೃತಿಗಳಲ್ಲಿ ಎರಡು ಆವರ್ತನಕ್ಕೊಮ್ಮೆ ಗಂಟುಮೂಟೆ ಕಟ್ಟಿ ಬೇರೆ ಕಡೆಗೆ ಹೊರಡುತ್ತದೆ. ಇನ್ನು ಅವರ 'ಬ್ಲೂಸ್' ಎಂಬ ನಡೆಯಲ್ಲಿ ಒಂದು ಸ್ವರವು ಕೋಮಲ ಗಾಂಧಾರವೂ ಅಲ್ಲ, ಶುದ್ಧ ಗಾಂಧಾರವೂ ಅಲ್ಲ. ನಡುವೆ ಎಲ್ಲಿಯೋ ನೋವಿನಿಂದ ಹೊರಳುತ್ತದೆ. ಅಡಿಗೆರೆಯನ್ನು ಅರ್ಧ ಎಳೆಯಲೆ? ಗಣಿತದ ಮಾಸ್ತರರಿಗೆ ಇದು ನಿಜವಾದ ಸಂಕಟ. ಅವರು ಅಂಥಲ್ಲಿ ಗೆರೆಯನ್ನು ಅಲೆಯಂತೆ ಎಳೆದು ಸಮಾಧಾನ ಮಾಡಿಕೊಂಡಿದ್ದಾರೆ.

ಅವರಿಗೆ ಮುದ್ರಣಶಾಲೆಯ ಅಚ್ಚುಕಟ್ಟಾದ ವಾದನಕ್ಕಿಂತ ಜನರ ಮುಂದೆ ನಡೆದ ಕಚೇರಿಯ ಮುದ್ರಣವೇ ಹೆಚ್ಚು ಪ್ರಿಯ. ೧೯೫೩ರ ಮೇ ೧೫ರಂದು ಕೆನಡಾದ ಟೊರೊಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್, ಡಿಜಿ ಗಿಲೆಸ್ಪಿ, ಬಡ್ ಪೊವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಈ ಐವರು ಒಂದೇ ವೇದಿಕೆಯಲ್ಲಿ ಕೂಡಿದರು. ಅದೇ ರಾತ್ರಿ ಮುಷ್ಟಿಯುದ್ಧದ ಜಗಜಟ್ಟಿಗಳ ಪಂದ್ಯವಿದ್ದುದರಿಂದ ಸಭಾಂಗಣ ತುಂಬಲಿಲ್ಲ. ಪಾರ್ಕರನ ಕೈಯಲ್ಲಿದ್ದುದು ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನು. ಬೇರೆ ಕಂಪನಿಯ ಕರಾರಿದ್ದುದರಿಂದ ತಟ್ಟೆಯ ಮೇಲೆ ಅವನ ಹೆಸರನ್ನು ಚಾರ್ಲಿ ಚಾನ್ ಎಂದು ಅಚ್ಚುಮಾಡಿದರು. ಮಿಂಗಸನ ತಂತಿವಾದ್ಯ ಸರಿಯಾಗಿ ಕೇಳಿಸಲಿಲ್ಲವೆಂದು ಅವನೇ ತರುವಾಯ ತನ್ನ ಪಾಲನ್ನು ಮತ್ತೊಮ್ಮೆ ನುಡಿಸಿ ಸೇರಿಸಿದನು. ಇಷ್ಟೆಲ್ಲ ಅಧ್ವಾನದ ನಡುವೆ ಹುಟ್ಟಿದ ಸಂಗೀತವೋ, ಮಿಂಚು! ಪಾರ್ಕರನು ಮುಂದೆ ಎರಡು ವರ್ಷವೂ ಬದುಕಲಿಲ್ಲ. ೧೯೫೫ರ ಮಾರ್ಚಿನಲ್ಲಿ ಸತ್ತಾಗ ಅವನ ವಯಸ್ಸು ೩೪.

ಆ ಪಾರ್ಕರನಿಗೆ ಡೀನ್ ಬೆನೆಡೆಟ್ಟಿ ಎಂಬ ಒಬ್ಬ ಭಕ್ತನಿದ್ದನು. ತಾನೂ ಸ್ಯಾಕ್ಸೊಫೋನು ನುಡಿಸುವವನು. ೧೯೪೭ರಲ್ಲಿ ಲಾಸ್ ಏಂಜಲಿಸಿನ ಒಂದು ಕ್ಲಬ್ಬಿಗೆ ರಾತ್ರಿಯ ಮೇಲೆ ರಾತ್ರಿ ತಟ್ಟೆಗೆ ಮುದ್ರಿಸುವ ಯಂತ್ರವನ್ನು ಹೊತ್ತೊಯ್ದು ಪಾರ್ಕರನನ್ನು ಹಿಡಿದಿಟ್ಟನು. ಆದರೆ ಪಾರ್ಕರನನ್ನು ಮಾತ್ರ. ಅವನ ನುಡಿ ಮುಗಿದು ಬೇರೆಯವರ ಸರದಿ ಬಂದೊಡನೆ ಯಂತ್ರವನ್ನು ನಿಲ್ಲಿಸುವನು; ತಟ್ಟೆ ದಂಡವಾಗಬಾರದಲ್ಲ! ೧೯೫೭ರಲ್ಲಿ ಬೆನೆಡೆಟ್ಟಿ ತೀರಿಕೊಂಡನು. ಅವನ ಸಂಗ್ರಹ ಹೊರಬಂದದ್ದು ೧೯೯೦ರಲ್ಲಿ. ಈ ಕಥೆಯನ್ನು ಮಾಸ್ತರರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳಿ ಮುಗಿಸಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಮೌನದ ಕಾರಣವು ಅವರ ಮನೆಯ ಪಡಸಾಲೆಯಲ್ಲಿಯೇ ಹೊರಸಿನ ಮೇಲೆ ಕುಳಿತಿದೆ.

ಮಾಸ್ತರರ ತಂದೆಗೆ ಎಂಬತ್ತು ದಾಟಿದೆ. ಒಂದು ಕಾಲಕ್ಕೆ ಅವರು ಕರಡಿ ಮೇಳದಲ್ಲಿ ಸನಾದಿ ಊದುತ್ತಿದ್ದವರು. ಮದುವೆಯಿರಲಿ, ಜಾತ್ರೆಯಿರಲಿ, ಸುತ್ತಣ ಹಳ್ಳಿಗಳಿಂದ ಚಕ್ಕಡಿ ಕಳಿಸಿ ಅವರನ್ನು ಕರೆಸಿಕೊಳ್ಳುತ್ತಿದ್ದರು. ಮುಂದಿನ ಹಲ್ಲುಗಳು ಬಿದ್ದವು, ದಮ್ಮು ಹತ್ತಿತು. ಸನಾದಿ ಕೆಂಪು ವಸ್ತ್ರದಲ್ಲಿ ಸುತ್ತಿಸಿಕೊಂಡು ಗೂಟಕ್ಕೇರಿತು. ಮಗನು ಅದನ್ನು ಕಲಿಯಲಿಲ್ಲ. ಕಲಿಸಲಿಲ್ಲ ಎನ್ನುವುದೂ ಸರಿಯೇ. ಮೇಳದವರು ಹಂದರದ ಹೊರಗೆ ನಿಲ್ಲಬೇಕು. ಅಕ್ಷತೆಯಾಗಿ, ಬೀಗರುಂಡು, ಊರುಂಡು, ಕಡೆಗೆ ಎಲೆ ಬಂದರೆ ಬಂತು. ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಮದುವೆಯಲ್ಲಿ ಮಾಸ್ತರರು ತಮ್ಮ ತರಗತಿಯ ಹುಡುಗರೊಡನೆ ಮೊದಲ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಹೊರಗೆ ತಂದೆಯ ಸನಾದಿ ಕೇಳುತ್ತಿತ್ತು. ಪಕ್ಕದ ಹುಡುಗನು, "ಊದಾವ ನಿಮ್ಮಪ್ಪ ಅಲ್ಲೇನಲೇ?" ಎಂದು ಕೇಳಿದಾಗ ಅವರು ಅಲ್ಲವೆಂದು ತಲೆಯಲ್ಲಾಡಿಸಿದರು. ಇದನ್ನು ಅವರು ತಂದೆಗೆ ಎಂದೂ ಹೇಳಿಲ್ಲ. ಹೆಂಡತಿಗೆ ಹೇಳಿದ್ದು ಮದುವೆಯಾಗಿ ಹತ್ತು ವರ್ಷಗಳ ಮೇಲೆ.

ಮಗನ ನೋಟುಬುಕ್ಕುಗಳನ್ನು ತಂದೆ ಬಹಳ ಕಾಲ ಸಂಶಯದಿಂದಲೇ ನೋಡಿದರು. "ಬರದ್ರ ಬರತೈತೇನೋ ತಮ್ಮಾ ಅದು?" ಎಂಬುದೊಂದೇ ಅವರ ಪ್ರಶ್ನೆ. ಆದರೆ ಪರದೇಶದ ವಾದಕರ ಬಾಳಿನ ಸಂಗತಿಗಳಲ್ಲಿ ಅವರಿಗೆ ಆಸಕ್ತಿಯಿತ್ತು. ತಾವು ನುಡಿಸಿ ಜನರನ್ನು ಕುಣಿಸಿದ ಹೋಟೆಲುಗಳಲ್ಲಿಯೇ ಕರಿಯ ವಾದಕರಿಗೆ ಕೋಣೆ ಸಿಗುತ್ತಿರಲಿಲ್ಲ, ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದ ಹೋಗಬೇಕಾಗಿತ್ತು ಎಂದು ಮಗನು ಓದಿ ಹೇಳಿದ ದಿನ, ಮುದುಕರು ಬಹಳ ಹೊತ್ತು ಯೋಚಿಸಿ ಕೇಳಿದರು: "ಊಟ? ಅದೂ ಕಡೀಗೇ ಕೊಡತಿದ್ರೇನು?"

ಮತ್ತೊಂದು ಸಂಜೆ ಮಾಸ್ತರರು ಜಾನ್ ಕೋಲ್ಟ್ರೇನನ ಮುದ್ರಣವೊಂದನ್ನು ಹಚ್ಚಿದ್ದರು. ೧೯೬೧ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನಡೆದ ಕಚೇರಿಯದು. ಕೃತಿಯ ಹೆಸರು 'ಇಂಡಿಯಾ'. ಕೋಲ್ಟ್ರೇನನಿಗೆ ರವಿಶಂಕರರ ಸಂಗೀತದಲ್ಲಿ ಬಹಳ ಭಕ್ತಿ. ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟನು. ಈ ಕೃತಿಯಲ್ಲಿ ಷಡ್ಜ ಗಂಟುಮೂಟೆ ಕಟ್ಟುವುದಿಲ್ಲ. ಎರಡು ದೊಡ್ಡ ತಂತಿವಾದ್ಯಗಳು ಶ್ರುತಿ ಹಿಡಿದು ನಿಲ್ಲುತ್ತವೆ. ಅದರ ಮೇಲೆ ಸುಮಾರು ೧೪ ನಿಮಿಷ ವಾದನ ನಡೆಯುತ್ತದೆ. ಕೋಲ್ಟ್ರೇನನು ಇಲ್ಲಿ ಹಿಡಿದದ್ದು ಬಾಗಿದ ಸ್ಯಾಕ್ಸೊಫೋನನ್ನಲ್ಲ, ನೆಟ್ಟಗಿರುವ ಚಿಕ್ಕದನ್ನು. ಸನಾದಿಯಂತೆಯೇ ಬಾಯಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುವ ಕೊಳವೆ. ನಾಲಿಗೆ ಒಂದೇ ಎಸಳಿನದು, ಸನಾದಿಗೆ ಎರಡು, ಅಷ್ಟೆ.

ಪಡಸಾಲೆಯಲ್ಲಿ ಹೊರಸು ಕಿರುಗುಟ್ಟಿತು. ಮುದುಕರು ಎದ್ದು ಕುಳಿತಿದ್ದರು.

"ಯಾರದು? ಎಲ್ಲ್ಯಾನಾಂವಾ?"

"ಅಮೇರಿಕಾದಾಂವಪ್ಪಾ. ತೀರಿಕೊಂಡು ಭಾಳ ವರ್ಷಾತು."

"ಸುಳ್ಳ ಹೇಳಬ್ಯಾಡ. ಸನಾದಿ ಊದಿದಾಂವ ಅದಾನ."

ಅಂದು ರಾತ್ರಿ ಊಟವಾದ ಮೇಲೆ ಮುದುಕರು ತಾವಾಗಿಯೇ ತಮ್ಮ ಟ್ರಂಕಿನಿಂದ ಒಂದು ಕ್ಯಾಸೆಟ್ಟನ್ನು ತೆಗೆದುಕೊಟ್ಟರು. ೧೯೮೭ರ ಒಂದು ಮದುವೆಯದು. ಬೀಗರ ಪೈಕಿ ಯಾರೋ ಟೇಪಿನಲ್ಲಿ ಹಿಡಿದು, ನೆನಪಿಗಿರಲೆಂದು ಕೊಟ್ಟಿದ್ದು. ಇಂಥದೊಂದು ಮನೆಯಲ್ಲಿದೆಯೆಂಬುದೇ ಮಗನಿಗೆ ತಿಳಿದಿರಲಿಲ್ಲ. ಹದಿನೇಳು ನೋಟುಬುಕ್ಕುಗಳ ಕಾಲವೆಲ್ಲ ಅದು ಅವರ ತಲೆಯಿಂದ ಆರು ಮಾರು ದೂರದಲ್ಲಿ ಮಲಗಿತ್ತು.

ಹಳೆಯ ಟೇಪು ಯಾವಾಗ ಹರಿದೀತೆಂದು ಹೇಳಬರುವುದಿಲ್ಲ. ಮಾಸ್ತರರು ಹುಬ್ಬಳ್ಳಿಯಿಂದ ಒಳ್ಳೆಯ ಯಂತ್ರವೊಂದನ್ನು ಕಡ ತಂದು, ಉಸಿರು ಬಿಗಿಹಿಡಿದು ಒಂದೇ ಸಲ ಓಡಿಸಿ ಗಣಕಯಂತ್ರಕ್ಕಿಳಿಸಿಕೊಂಡರು. ಗದ್ದಲವೋ ಗದ್ದಲ. ಕರಡಿಯ ಹೊಡೆತ, ತಾಳ, ಹೆಂಗಸರ ಹಾಡು, ಅಳುವ ಕೂಸು, ನೀರು ತಾ ಎಂಬ ಕೂಗು. ಇವುಗಳ ನಡುವಿನಿಂದ ಸನಾದಿ ತಲೆಯೆತ್ತುತ್ತದೆ, ಮುಳುಗುತ್ತದೆ. ಮೊದಲು ಅವರಿಗೂ ಬೆನೆಡೆಟ್ಟಿಯ ಆಸೆಯೇ ಬಂತು: ಉಳಿದುದನ್ನೆಲ್ಲ ಕತ್ತರಿಸಿ ಸನಾದಿಯನ್ನಷ್ಟೇ ಉಳಿಸಿಕೊಳ್ಳಬೇಕೆಂದು. ಕತ್ತರಿಸಲು ಕುಳಿತಾಗ ಹಾಡುವ ಹೆಂಗಸರಲ್ಲಿ ಒಂದು ದನಿ ತೀರಿಹೋದ ತಮ್ಮ ತಾಯಿಯದೆಂದು ಗೊತ್ತಾಯಿತು. ಕತ್ತರಿ ಕೆಳಗಿಟ್ಟರು.

ಬರೆದದ್ದನ್ನು ತಂದೆಗೆ ಕೇಳಿಸುತ್ತ ಒಪ್ಪಿಸಹೋದರೆ ಹೊಸ ತಕರಾರು. "ಇದು ನಾ ಅಲ್ಲ," ಎಂದರು ಮುದುಕರು. "ನಾ ಹಿಂಗ ಓಡಸತಿದ್ದಿಲ್ಲ. ಯಾರ್ದೋ ತಂದು ನಂದಂತೀ." ಅಲ್ಲವೆಂಬ ಆ ಮಾತು ಮಗನಿಗೆ ಎಲ್ಲಿ ತಾಗಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ದಿನ ಅವರು ಯಂತ್ರವನ್ನು ಮುಟ್ಟಲಿಲ್ಲ.

ಮೂರನೆಯ ದಿನ ಗಣಿತ ನೆರವಿಗೆ ಬಂತು. ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ' ಎಂಬ ೧೯೫೯ರ ಪ್ರಖ್ಯಾತ ಮುದ್ರಿಕೆಯ ಮೊದಲ ಮಗ್ಗುಲು ದಶಕಗಳ ಕಾಲ ತುಸು ಮೇಲಿನ ಶ್ರುತಿಯಲ್ಲಿಯೇ ಮಾರಾಟವಾಯಿತು. ಮುದ್ರಿಸುವಾಗ ಯಂತ್ರ ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ಕೇಳುವವರಿಗೆ ಅದು ಅವಸರವಾಗಿ ಕೇಳಿಸುತ್ತಿತ್ತು. ತಿದ್ದಿದ್ದು ೧೯೯೦ರ ದಶಕದಲ್ಲಿ. ಕೋಲ್ಟ್ರೇನನನ್ನೂ ಜಗತ್ತೆಲ್ಲ ಅಷ್ಟು ವರ್ಷ ಅವಸರದವನಾಗಿಯೇ ಕೇಳಿತೆಂದಾಯಿತು. ಮದುವೆಯ ಮನೆಯಲ್ಲಿ ಸೆಲ್ಲು ಇಳಿದಿದ್ದರೆ? ಹಾಗಿದ್ದರೆ ಎಷ್ಟು ಇಳಿದಿತ್ತೆಂಬುದನ್ನು ಅಳೆಯಲು ಒಂದೇ ದಾರಿ: ಆ ಸನಾದಿಯ ನಿಜವಾದ ಷಡ್ಜವನ್ನು ತಿಳಿಯಬೇಕು. ತಿಳಿಯಬೇಕಾದರೆ ಊದಬೇಕು.

ಕೆಂಪು ವಸ್ತ್ರವನ್ನು ಬಿಚ್ಚಿದರು. ಒಣಗಿದ ನಾಲಿಗೆಯನ್ನು ಬಾಯಲ್ಲಿಟ್ಟುಕೊಂಡು ನೆನಸಬೇಕೆಂದು ಮುದುಕರು ಹೇಳಿದರು. ಮಾಸ್ತರರು ನೆನಸಿದರು, ಊದಿದರು. ಗಾಳಿ ಮಾತ್ರ ಬಂತು. "ಗಲ್ಲ ಉಬ್ಬಸಬ್ಯಾಡ. ತುಟಿ ಬಿಗಿ. ಹೊಟ್ಟೀಲಿಂದ ಬರಲಿ." ಮತ್ತೆ ಊದಿದರು, ಕೋಳಿಮರಿಯ ಕೀಚಲು. ಬಾಗಿಲಲ್ಲಿ ಮಕ್ಕಳು ನೆರೆದವು. ಅವುಗಳಲ್ಲಿ ಇಬ್ಬರು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೂ ಇದ್ದರು. ಮಾಸ್ತರರು ಅವರ ಕಡೆಗೆ ನೋಡಿದರು; ಮುಖ ತಿರುಗಿಸಲಿಲ್ಲ. ಮುದುಕರು ತಮ್ಮ ಒರಟು ಬೆರಳುಗಳಿಂದ ಮಗನ ಬೆರಳುಗಳನ್ನು ಒಂದೊಂದಾಗಿ ರಂಧ್ರಗಳ ಮೇಲೆ ಕೂಡಿಸಿದರು. ಆಮೇಲೆ ಒಂದು ಸ್ವರ ಬಂತು. ಒರಟಾದ, ನಡುಗುವ, ಆದರೆ ಸ್ವರವೆನ್ನಬಹುದಾದ ಒಂದು ಸ್ವರ. ಹಾರ್ಮೋನಿಯಮ್ಮಿನ ಕಪ್ಪು ಒಂದಕ್ಕಿಂತ ಕೂದಲೆಳೆಯಷ್ಟು ಮೇಲೆ.

ಕ್ಯಾಸೆಟ್ಟಿನ ಷಡ್ಜವು ಅದಕ್ಕಿಂತ ಅರ್ಧ ಸ್ವರ ಹೆಚ್ಚಾಗಿತ್ತು. ಅರ್ಧ ಸ್ವರವೆಂದರೆ ನೂರಕ್ಕೆ ಸುಮಾರು ೬ರಷ್ಟು ವೇಗ. ಅಷ್ಟನ್ನು ಇಳಿಸಿದಾಗ ೩೦ ನಿಮಿಷದ ಮಗ್ಗುಲು ಹೆಚ್ಚುಕಡಿಮೆ ೩೨ ನಿಮಿಷವಾಯಿತು. ತಾನಗಳು ಉಸಿರಾಡತೊಡಗಿದವು, ತಾಯಿಯ ದನಿ ತಾಯಿಯ ದನಿಯಾಯಿತು.

ಮುದುಕರು ಈ ಸಲ ಏನೂ ಅನ್ನಲಿಲ್ಲ. ಕಣ್ಣು ಮುಚ್ಚಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಅವರ ಬೆರಳುಗಳು ಮೊಣಕಾಲಿನ ಮೇಲೆ ಏಳತೊಡಗಿದವು, ಕೂಡತೊಡಗಿದವು. ಒಂದು ಕಡೆ ಸನಾದಿ ಒಂದು ಸ್ವರವನ್ನು ಅಳತೆಮೀರಿ ಹಿಡಿದು ನಿಲ್ಲುತ್ತದೆ. ಅದರ ಲೆಕ್ಕ ಮಾಸ್ತರರಿಗೆ ಯಾವ ತಾಳದಲ್ಲಿಯೂ ಹೊಂದಿರಲಿಲ್ಲ. "ಎತ್ತು ನಿಂತ್ವು ಅಲ್ಲಿ," ಎಂದರು ಮುದುಕರು ಕಣ್ಣು ತೆರೆಯದೆ. "ಮದಿಮಗನ ಚಕ್ಕಡೀವು. ಅವು ಹೊರಡೂತನಾ ಹಿಡೀಬೇಕಲ್ಲ?" ಮಾಸ್ತರರು ಅಂಚಿನಲ್ಲಿ ಬರೆದುಕೊಂಡರು: ಇಲ್ಲಿ ಎತ್ತು ನಿಂತವು.

ಮುಂದೆ ಒಂದು ಕಡೆ ಇಳಿಯುವ ತಾನದಲ್ಲಿ ಶುದ್ಧವಿರಬೇಕಾದ ನಿಷಾದವು ಕೋಮಲದ ಕಡೆಗೆ ಜಾರಿಬಿದ್ದಿತ್ತು. ಮುದುಕರು ಮುಖ ಕಿವಿಚಿದರು.

"ಬರದೀಯೇನದನ್ನ?"

"ಹೂಂನಪ್ಪಾ."

"ಅಳಸು. ತಪ್ಪು ಊದೇನಿ ಅಲ್ಲಿ."

ಮಾಸ್ತರರು ರಬ್ಬರು ಹುಡುಕುವವರಂತೆ ಮೇಜಿನ ಖಾನೆಯನ್ನು ತೆರೆದರು; ಸ್ವಲ್ಪ ಹೊತ್ತು ಕೈಯಾಡಿಸಿ, ಮತ್ತೆ ಮುಚ್ಚಿದರು.